ಬಜೆಟ್ ಜಗಳಕ್ಕೆ ಸರ್ಕಾರ ಬಂದ್: ಅಮೆರಿಕದಲ್ಲಿ ಹೌದು, ನಮ್ಮಲ್ಲಿ?

ಸೊರಡಿ (ಜತ್ತ ತಾಲ್ಲೂಕು): ಅಮೆರಿಕದಲ್ಲಿ ‘ಸರ್ಕಾರವೇ ಬಂದ್’ ಎಂಬ ಸುದ್ದಿ ಆಗಾಗ ಬರುತ್ತದೆ. ಅದು ಯಾವುದೋ ಪಕ್ಷ ಕರೆ ಕೊಟ್ಟ ಬಂದ್ ಅಲ್ಲ. ಖರ್ಚಿಗೆ ಶಾಸನಸಭೆಯ ಮಂಜೂರಾತಿ ಸಿಗದೆ ಸರ್ಕಾರ ತನ್ನ ಕಚೇರಿಗಳಿಗೆ ತಾನೇ ಬೀಗ ಹಾಕುವುದು.

ಅಲ್ಲಿ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಆರಂಭ. ಅಷ್ಟರೊಳಗೆ ಎರಡೂ ಸದನಗಳು ಒಪ್ಪಿ ಅಧ್ಯಕ್ಷರ ಸಹಿ ಬೀಳದಿದ್ದರೆ ಇಲಾಖೆಗಳು ಖರ್ಚು ಮಾಡುವಂತಿಲ್ಲ. 2018ರ ಡಿಸೆಂಬರ್ 22ರಿಂದ 35 ದಿನ ಹೀಗಾದಾಗ ಸುಮಾರು 8 ಲಕ್ಷ ನೌಕರರ ಸಂಬಳ ನಿಂತಿತು. ಆ ಬಂದ್‌ನಿಂದ ತಡವಾದ ಉತ್ಪಾದನೆ 1,100 ಕೋಟಿ ಡಾಲರ್. ಅದರಲ್ಲಿ 300 ಕೋಟಿ ಡಾಲರ್ ಮತ್ತೆ ಕೈಗೆ ಬರುವುದಿಲ್ಲ ಎಂದು ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿ ಲೆಕ್ಕ ಹಾಕಿತು. 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಮತ್ತೆ 43 ದಿನ ಬಂದ್. ಆರೋಗ್ಯ ವಿಮೆಯ ಸಹಾಯಧನ ಮುಂದುವರಿಸಬೇಕೆ ಬೇಡವೆ ಎಂಬುದೇ ಜಗಳದ ಮೂಲ. ಸುಮಾರು 4.2 ಕೋಟಿ ಬಡವರಿಗೆ ಸಿಗುವ ಆಹಾರ ನೆರವು ನವೆಂಬರಿನಲ್ಲಿ ತಡವಾಯಿತು. ಸಂಬಳವಿಲ್ಲದೆ ದುಡಿಯುತ್ತಿದ್ದ ವಿಮಾನ ಸಂಚಾರ ನಿಯಂತ್ರಕರ ಕೊರತೆಯಿಂದ 40 ವಿಮಾನ ನಿಲ್ದಾಣಗಳಲ್ಲಿ ಹಾರಾಟ ಕಡಿತ ಮಾಡಬೇಕಾಯಿತು.

ಬೀಗ ತೆರೆದ ಮೇಲೆ ಕಾಯಂ ನೌಕರರಿಗೆ ಬಾಕಿ ಸಂಬಳ ಸಿಗುತ್ತದೆ, ಅದಕ್ಕೆ 2019ರ ಕಾನೂನೇ ಇದೆ. ಆದರೆ ಅದೇ ಕಚೇರಿಯಲ್ಲಿ ಗುತ್ತಿಗೆದಾರನ ಕೈಕೆಳಗೆ ಕಸ ಗುಡಿಸುವವರಿಗೆ, ಕ್ಯಾಂಟೀನ್ ನಡೆಸುವವರಿಗೆ ಆ ಕಾನೂನು ಅನ್ವಯಿಸುವುದಿಲ್ಲ. ಹೋದ ಕೂಲಿ ಹೋದಂತೆಯೇ.

ಭಾರತದಲ್ಲಿ ಹೀಗಾಗದಿರಲು ಸಂವಿಧಾನದಲ್ಲೇ ಏರ್ಪಾಡಿದೆ. ಶಾಸನಸಭೆಯ ಒಪ್ಪಿಗೆ ಇಲ್ಲದೆ ಖಜಾನೆಯಿಂದ ಹಣ ತೆಗೆಯುವಂತಿಲ್ಲ ಎಂಬ ನಿಯಮ ಇಲ್ಲಿಯೂ ಇದೆ. ಆದರೆ ಪೂರ್ಣ ಬಜೆಟ್ ತಡವಾದರೆ ಕೆಲವು ತಿಂಗಳ ಖರ್ಚಿಗೆ ಮುಂಗಡ ಮಂಜೂರಾತಿ ಪಡೆಯಬಹುದು. ಕನ್ನಡದಲ್ಲೂ ಮರಾಠಿಯಲ್ಲೂ ಇದಕ್ಕೆ ಲೇಖಾನುದಾನ ಎಂದೇ ಹೆಸರು. ಗಡಿಯ ಎರಡೂ ಕಡೆ ಒಂದೇ ಶಬ್ದ ಬಳಕೆಯಲ್ಲಿರುವ ಸರ್ಕಾರಿ ವಿಷಯಗಳಲ್ಲಿ ಇದೂ ಒಂದು. ಮೇಲ್ಮನೆ ಹಣಕಾಸು ವಿಧೇಯಕವನ್ನು 14 ದಿನಕ್ಕಿಂತ ಹೆಚ್ಚು ತಡೆಯಲಾರದು. ಕೆಳಮನೆಯಲ್ಲೇ ಸೋತರೆ ಬೀಳುವುದು ಮಂತ್ರಿಮಂಡಲ, ಕಚೇರಿಯಲ್ಲ.

2008ರಲ್ಲಿ ಕರ್ನಾಟಕ ರಾಷ್ಟ್ರಪತಿ ಆಡಳಿತದಲ್ಲಿತ್ತು. ಆಗ ರಾಜ್ಯದ ಖರ್ಚಿಗೆ ದೆಹಲಿಯ ಸಂಸತ್ತೇ ಲೇಖಾನುದಾನ ಕೊಟ್ಟಿತು. ಉತ್ತರಾಖಂಡದ ಪ್ರಕರಣ ಅಮೆರಿಕದ ಜಗಳಕ್ಕೆ ಇನ್ನೂ ಹತ್ತಿರದ್ದು. 2016ರ ಮಾರ್ಚ್ 18ರಂದು ಅಲ್ಲಿ ಧನವಿನಿಯೋಗ ವಿಧೇಯಕ ಪಾಸಾಯಿತೋ ಬಿದ್ದಿತೋ ಎಂಬುದೇ ವಿವಾದವಾಯಿತು. ಮಾರ್ಚ್ 27ರಂದು ರಾಷ್ಟ್ರಪತಿ ಆಡಳಿತ ಬಂತು. ಏಪ್ರಿಲ್ 1ರಿಂದ ಖರ್ಚು ನಡೆಯಲು ಕೇಂದ್ರ ಸುಗ್ರೀವಾಜ್ಞೆ ಹೊರಡಿಸಿತು. ಮಂತ್ರಿಗಳು ಕೋರ್ಟಿಗೆ ಅಲೆದರು, ಖಜಾನೆಗೆ ಬೀಗ ಬೀಳಲಿಲ್ಲ.

ಹಾಗೆಂದು ಗಡಿಹಳ್ಳಿಗಳ ಜನ ಮುಚ್ಚಿದ ಸರ್ಕಾರಿ ಕಚೇರಿ ಕಂಡೇ ಇಲ್ಲ ಎನ್ನುವಂತಿಲ್ಲ. 2023ರ ಮಾರ್ಚ್ ತಿಂಗಳೇ ಉದಾಹರಣೆ. ಮಾರ್ಚ್ 1ರಂದು ಕರ್ನಾಟಕದ ನೌಕರರು ವೇತನ ಏರಿಕೆಗಾಗಿ ಕೆಲಸ ನಿಲ್ಲಿಸಿದರು. ಅದೇ ದಿನ ಶೇ 17ರ ಮಧ್ಯಂತರ ಪರಿಹಾರದ ಆದೇಶ ಹೊರಬಿದ್ದು ಮುಷ್ಕರ ಮುಗಿಯಿತು. ಮಹಾರಾಷ್ಟ್ರದಲ್ಲಿ ಹಳೆಯ ಪಿಂಚಣಿ ಯೋಜನೆಗಾಗಿ ಮಾರ್ಚ್ 14ರಂದು ಆರಂಭವಾದದ್ದು 20ರವರೆಗೆ ನಡೆಯಿತು. ಇದು ಬಜೆಟ್ ಬೀಳುವುದರಿಂದ ಆದ ಬಂದ್ ಅಲ್ಲ ನಿಜ. ಆದರೆ ಜಗಳ ಖಜಾನೆಯ ಹಣದ್ದೇ, ಮತ್ತು ಸರ್ಕಾರ ಒಂದು ವಾರ ನಿಂತರೆ ರೈತನಿಗೆ ಏನಾಗುತ್ತದೆ ಎಂಬುದನ್ನು ಅದು ತೋರಿಸಿತು. ಅದೇ ವಾರ ಮಹಾರಾಷ್ಟ್ರದ ಹಲವೆಡೆ ಅಕಾಲಿಕ ಮಳೆ, ಆಲಿಕಲ್ಲು ಬಿದ್ದು ಬೆಳೆ ಹಾಳಾಯಿತು. ಪಂಚನಾಮೆ ಮಾಡಬೇಕಾದ ತಲಾಠಿ, ಗ್ರಾಮಸೇವಕರು ಮುಷ್ಕರದಲ್ಲಿದ್ದರು. ಪಂಚನಾಮೆ ಇಲ್ಲದೆ ಪರಿಹಾರವಿಲ್ಲ. ನೆಲಕ್ಕೆ ಬಿದ್ದ ಬೆಳೆಯನ್ನು ಅಧಿಕಾರಿ ನೋಡಲಿ ಎಂದು ಹಾಗೇ ಬಿಡುವುದೋ, ಹೊಲ ಹಸನು ಮಾಡುವುದೋ ಎಂಬ ಪೇಚು ರೈತರದ್ದು. ವಾರದ ಸಂಬಳದ ಮಾತು ನೌಕರರ ಸಂಘ ಆಡಬಲ್ಲದು. ಕೊಳೆತ ಬೆಳೆಯ ಮಾತು ಯಾರು ಆಡಬೇಕು?

ನಮ್ಮಲ್ಲಿ ಹೆಚ್ಚಾಗಿ ಆಗುವುದು ಸದ್ದಿಲ್ಲದ ಬಂದ್. ಬಜೆಟ್ ಪಾಸಾಗಿರುತ್ತದೆ, ಕಚೇರಿ ತೆರೆದಿರುತ್ತದೆ, ಹಣ ಮಾತ್ರ ಬಂದಿರುವುದಿಲ್ಲ. ರಸ್ತೆ ಕೆಲಸದ ಗುತ್ತಿಗೆದಾರನ ಬಿಲ್ ಬಾಕಿ ಉಳಿದರೆ ಅವನು ಮಜೂರರ ಪಗಾರ ತಡೆಯುತ್ತಾನೆ, ಮಜೂರ ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸುತ್ತಾನೆ. ಕೇಂದ್ರ ಮತ್ತು ರಾಜ್ಯದ ನಡುವೆಯೂ ಇದೇ ಕಥೆ. 2023ರ ಬರಕ್ಕೆ ಕರ್ನಾಟಕ ಕೇಳಿದ್ದು 18,171 ಕೋಟಿ ರೂ. ರಾಜ್ಯ ಸುಪ್ರೀಂ ಕೋರ್ಟಿಗೆ ಹೋದ ನಂತರ, 2024ರ ಏಪ್ರಿಲ್ ಕೊನೆಗೆ, ಕೇಂದ್ರ ಬಿಡುಗಡೆ ಮಾಡಿದ್ದು ಸುಮಾರು 3,454 ಕೋಟಿ. ಅಷ್ಟರಲ್ಲಿ ಮುಂದಿನ ಮುಂಗಾರು ಹತ್ತಿರವಾಗಿತ್ತು.

ಜತ್ತ ಭಾಗದ ಜನರಿಗೆ ಈ ಸದ್ದಿಲ್ಲದ ಬಂದ್ ಮ್ಹೈಸಾಳ ಏತ ನೀರಾವರಿಯಿಂದ ಚೆನ್ನಾಗಿ ಗೊತ್ತು. ಕೃಷ್ಣೆಯಲ್ಲಿ ನೀರಿದ್ದೂ, ವಿದ್ಯುತ್ ಬಿಲ್ ಬಾಕಿಯಿಂದ ಪಂಪು ನಿಂತದ್ದು ಒಂದೆರಡು ಸಲವಲ್ಲ. ಯಾರು ಕಟ್ಟಬೇಕು ಎಂಬ ತಕರಾರು ಬಗೆಹರಿಯುವ ಹೊತ್ತಿಗೆ ದ್ರಾಕ್ಷಿ, ದಾಳಿಂಬೆ ತೋಟ ಒಣಗುತ್ತಿರುತ್ತಿದ್ದವು. ಕೊನೆಗೆ ವಿದ್ಯುತ್ ಬಿಲ್ಲಿನ ಶೇ 81 ಭಾಗ ಸರ್ಕಾರದ್ದು, ಶೇ 19 ಭಾಗ ಪಾಣಿಪಟ್ಟಿಯ ಮೂಲಕ ರೈತರದ್ದು ಎಂಬ ಸೂತ್ರ ಬಂತು. ಗಡಿ ವಿವಾದ ಮತ್ತೆ ಕಾವೇರಿದ 2022ರ ಕೊನೆಯಲ್ಲಿ ನೀರು ತಲುಪದ ಜತ್ತ ಹಳ್ಳಿಗಳಿಗಾಗಿ ವಿಸ್ತರಿತ ಮ್ಹೈಸಾಳ ಯೋಜನೆಗೆ ಸುಮಾರು 2,000 ಕೋಟಿ ರೂ. ಘೋಷಣೆಯೂ ಆಯಿತು. ಘೋಷಣೆಯ ನಂತರ ಪ್ರತಿ ವರ್ಷದ ಬಜೆಟ್‌ನಲ್ಲಿ ಅದಕ್ಕೆ ಎಷ್ಟು ಇಟ್ಟರು, ಅದರಲ್ಲಿ ಎಷ್ಟು ಬಿಟ್ಟರು ಎಂಬ ಎರಡು ಅಂಕಿ ಬೇರೆ ಬೇರೆ. ಗ್ರಾಮಸಭೆಯಲ್ಲಿ ಕೇಳಬೇಕಾದ್ದು ಎರಡನೆಯದನ್ನು.