ಬೇಗ ಅರ್ಜಿ ಹಾಕಿದರೆ ಸೀಟು ಸುಲಭವೇ? ಅಮೆರಿಕದ ಒಂದು ಹಳೇ ಪದ್ಧತಿಯ ಕಥೆ

ಅಮೆರಿಕದ ಹೆಸರಾಂತ ಕಾಲೇಜುಗಳಿಗೆ ಸೇರಲು ಎರಡು ಮುಖ್ಯ ದಾರಿಗಳಿವೆ. ಮೊದಲನೆಯದು, ಜನವರಿ ಹೊತ್ತಿಗೆ ಹಲವು ಕಾಲೇಜುಗಳಿಗೆ ಅರ್ಜಿ ಹಾಕಿ ಮಾರ್ಚ್ ಕೊನೆಯವರೆಗೆ ಕಾಯುವುದು. ಎರಡನೆಯದು ‘ಅರ್ಲಿ ಡಿಸಿಷನ್’. ನವೆಂಬರ್‌ನಲ್ಲೇ ಒಂದು ಕಾಲೇಜನ್ನು ಆರಿಸಿಕೊಂಡು, ‘ಸೀಟು ಕೊಟ್ಟರೆ ನಿಮ್ಮಲ್ಲೇ ಸೇರುತ್ತೇನೆ’ ಎಂದು ಬರೆದುಕೊಡಬೇಕು. ಡಿಸೆಂಬರ್‌ನಲ್ಲಿ ಉತ್ತರ ಬರುತ್ತದೆ. ಹೀಗೆ ಮಾತು ಕೊಟ್ಟವರಿಗೆ ಸೀಟು ಸಿಗುವುದು ನಿಜಕ್ಕೂ ಸುಲಭವೇ? ಕರ್ನಾಟಕದ ಮಕ್ಕಳೂ ಅಲ್ಲಿಗೆ ಅರ್ಜಿ ಹಾಕುವುದರಿಂದ ನಾವು ಇದರ ಹಿಂದಿನ ಕಥೆಯನ್ನು ಹುಡುಕಿ ನೋಡಿದೆವು.

ಎರಡನೇ ಮಹಾಯುದ್ಧದ ನಂತರ ಅಲ್ಲಿ ಕಾಲೇಜು ಸೇರುವವರ ಸಂಖ್ಯೆ ಏರಿತು. ಒಬ್ಬನೇ ವಿದ್ಯಾರ್ಥಿ ಹಲವು ಕಡೆ ಅರ್ಜಿ ಹಾಕತೊಡಗಿದ. ಸೀಟು ಕೊಟ್ಟವರಲ್ಲಿ ಎಷ್ಟು ಜನ ಬಂದು ಸೇರುತ್ತಾರೆ ಎಂಬುದು ಕಾಲೇಜುಗಳಿಗೆ ತಿಳಿಯುತ್ತಿರಲಿಲ್ಲ. 1950ರ ದಶಕದಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರು ಕೆಲವು ಶ್ರೀಮಂತ ಖಾಸಗಿ ಶಾಲೆಗಳ ಹುಡುಗರಿಗೆ ಎ, ಬಿ, ಸಿ ಎಂದು ಮೊದಲೇ ಗುರುತು ಹಾಕಿಬಿಡುತ್ತಿದ್ದರು. ‘ಎ’ ಬಂದರೆ ಸೀಟು ಬಹುತೇಕ ಖಚಿತ. ಅದೇ ದಶಕದ ಕೊನೆಗೆ ‘ಸೆವೆನ್ ಸಿಸ್ಟರ್ಸ್’ ಎಂದು ಹೆಸರಾದ ಮಹಿಳಾ ಕಾಲೇಜುಗಳು ಅರ್ಲಿ ಡಿಸಿಷನ್ ಪದ್ಧತಿಯನ್ನು ಬಳಕೆಗೆ ತಂದವು.

1983ರಲ್ಲಿ ‘ಯು.ಎಸ್. ನ್ಯೂಸ್’ ಪತ್ರಿಕೆ ಕಾಲೇಜುಗಳಿಗೆ ರ‍್ಯಾಂಕ್ ಕೊಡಲು ಶುರು ಮಾಡಿತು. ಸೀಟು ಕೊಟ್ಟವರಲ್ಲಿ ಎಷ್ಟು ಜನ ಸೇರಿದರು ಎಂಬ ಲೆಕ್ಕವೂ ಈ ರ‍್ಯಾಂಕಿಗೆ ಸೇರಿತು. ಬರೆದುಕೊಟ್ಟವರು ಹೆಚ್ಚುಕಡಿಮೆ ಎಲ್ಲರೂ ಸೇರುತ್ತಾರಲ್ಲ! ಹಾಗಾಗಿ ಅವರಿಗೆ ಸೀಟು ಕೊಡುವುದು ಕಾಲೇಜಿಗೇ ಲಾಭವಾಯಿತು. ಪತ್ರಿಕೆ ಈ ಲೆಕ್ಕವನ್ನು 2003ರಲ್ಲಿ ಕೈಬಿಟ್ಟಿತು, ಆದರೆ ಕಾಲೇಜುಗಳು ಪದ್ಧತಿಯನ್ನು ಬಿಡಲಿಲ್ಲ.

ಬೇಗ ಅರ್ಜಿ ಹಾಕಿದವರಲ್ಲಿ ಸೀಟು ಪಡೆಯುವವರ ಪ್ರಮಾಣ ಹೆಚ್ಚು ಎಂಬುದು ನಿಜ. ಆದರೆ ಆ ಗುಂಪಿನಲ್ಲಿ ಕಾಲೇಜೇ ಆರಿಸಿಕೊಂಡ ಕ್ರೀಡಾಪಟುಗಳು, ಹಳೇ ವಿದ್ಯಾರ್ಥಿಗಳ ಮಕ್ಕಳು ಇರುತ್ತಾರೆ. ಆದ್ದರಿಂದ ಬರೀ ಪ್ರಮಾಣ ನೋಡಿ ಮರುಳಾಗಬಾರದು. 2003ರಲ್ಲಿ ಆ್ಯವರಿ, ಫೇರ್‌ಬ್ಯಾಂಕ್ಸ್, ಜೆಕ್‌ಹೌಸರ್ ಎಂಬ ಮೂವರು 14 ಕಾಲೇಜುಗಳ 5 ಲಕ್ಷಕ್ಕೂ ಹೆಚ್ಚು ಅರ್ಜಿಗಳನ್ನು ಜಾಲಾಡಿ ಪುಸ್ತಕ ಬರೆದರು. ಒಂದೇ ಮಟ್ಟದ ವಿದ್ಯಾರ್ಥಿಗಳನ್ನು ಹೋಲಿಸಿದಾಗಲೂ ಬೇಗ ಹಾಕಿದವರಿಗೆ ಅನುಕೂಲ ಕಂಡಿತು. ಅದು 1600 ಅಂಕಗಳ ಎಸ್ಎಟಿ ಪರೀಕ್ಷೆಯಲ್ಲಿ ಸುಮಾರು 100 ಅಂಕ ಹೆಚ್ಚು ಬಂದಷ್ಟಕ್ಕೆ ಸಮ.

ಅಂದರೆ ಅನುಕೂಲ ಇದೆ. ಅದು ಯಾರಿಗೆ ಎಂಬುದೇ ಪ್ರಶ್ನೆ. ಹಣಕಾಸಿನ ನೆರವು ಬೇಕಾದ ಮನೆಯವರು ನಾಲ್ಕು ಕಾಲೇಜುಗಳು ಎಷ್ಟೆಷ್ಟು ಕೊಡುತ್ತವೆ ಎಂದು ತೂಗಿ ನೋಡಬೇಕಾಗುತ್ತದೆ. ಮೊದಲೇ ಒಂದಕ್ಕೆ ಮಾತು ಕೊಟ್ಟರೆ ಆ ಅವಕಾಶವೇ ಇಲ್ಲ. ಖರ್ಚಿನ ಚಿಂತೆ ಇಲ್ಲದವರಿಗೆ ಮಾತ್ರ ಇದು ಸಲೀಸು. 2006ರಲ್ಲಿ ಹಾರ್ವರ್ಡ್, ಪ್ರಿನ್ಸ್‌ಟನ್, ವರ್ಜೀನಿಯಾ ವಿಶ್ವವಿದ್ಯಾಲಯಗಳು ಇದೇ ಕಾರಣ ಮುಂದಿಟ್ಟು ಬೇಗನೆ ಸೀಟು ಕೊಡುವುದನ್ನು ನಿಲ್ಲಿಸುವುದಾಗಿ ಹೇಳಿದವು. ಹೆಚ್ಚಿನವರು ಅವರ ಹಿಂದೆ ಬರಲಿಲ್ಲ. 2011ರಲ್ಲಿ ಈ ಮೂರೂ ಮತ್ತೆ ಬೇಗನೆ ಅರ್ಜಿ ಕರೆಯತೊಡಗಿದವು, ಆದರೆ ಸೇರಲೇಬೇಕು ಎಂಬ ಕಟ್ಟುಪಾಡನ್ನು ಆಗ ಇಡಲಿಲ್ಲ.

ನೆರವು ಸಾಲದಿದ್ದರೆ ಕೊಟ್ಟ ಮಾತಿನಿಂದ ಹಿಂದೆ ಸರಿಯಬಹುದು, ನಿಜ. ಆದರೆ ಅಷ್ಟು ಹೊತ್ತಿಗೆ ಬೇರೆ ಕಾಲೇಜುಗಳ ಲೆಕ್ಕ ಕೈಯಲ್ಲಿರುವುದಿಲ್ಲ. ಹೊರದೇಶದವರ ವಿಷಯದಲ್ಲಂತೂ ನೆರವು ಕೇಳಿದ್ದಾರೋ ಇಲ್ಲವೋ ಎಂಬುದನ್ನು ಬಹಳಷ್ಟು ಕಾಲೇಜುಗಳು ಸೀಟು ಕೊಡುವ ಮುಂಚೆಯೇ ನೋಡುತ್ತವೆ. ‘ಬೇಗ ಹಾಕಿ, ಸೀಟು ಗ್ಯಾರಂಟಿ’ ಎಂದು ಯಾರಾದರೂ ಹೇಳಿದರೆ, ‘ಅಲ್ಲಿ ವರ್ಷಕ್ಕೆ ನಮ್ಮ ಕೈಯಿಂದ ಎಷ್ಟು ಹೋಗುತ್ತದೆ?’ ಎಂದು ಮೊದಲು ಕೇಳಿ. ಅದಕ್ಕೆ ಕಾಲೇಜಿನಿಂದಲೇ ಉತ್ತರ ಬರುವವರೆಗೆ ಸಹಿ ಹಾಕಬೇಡಿ.