ಸೀಸದಿಂದ ಉಪ್ಪಿನವರೆಗೆ

ನಾವು ಲೇಕ್ ಗಾರ್ಡನ್ಸಿಗೆ ಬಂದು ನೆಲಸಿದ ಕಾಲದಲ್ಲಿ ಸಂಜೆ ದೀಪ ಹೋಗುವುದೆಂಬುದು ಸೂರ್ಯ ಮುಳುಗುವಷ್ಟೇ ನಿಶ್ಚಿತವಾದ ಸಂಗತಿಯಾಗಿತ್ತು. ೧೯೭೦ರ ಮತ್ತು ೮೦ರ ದಶಕಗಳನ್ನು ಈ ಊರಿನಲ್ಲಿ ಕಳೆದವರಿಗೆ ‘ಲೋಡ್ ಶೆಡ್ಡಿಂಗ್’ ಎಂಬ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬೀದಿ ಕತ್ತಲಾಗುತ್ತಲೂ ಮನೆಮನೆಯಿಂದ ಒಂದು ನಿಟ್ಟುಸಿರು. ದೀಪ ಮರಳಿದೊಡನೆ ಅದೇ ಮನೆಗಳಿಂದ ಮಕ್ಕಳ ಜಯಘೋಷ. ಲಾಂದ್ರದ ಗಾಜನ್ನು ಬೂದಿಯಿಂದ ಉಜ್ಜಿಡುವುದು ನಮ್ಮ ಮನೆಯಲ್ಲಿ ಅಡಿಗೆಯಷ್ಟೇ ನಿತ್ಯದ ಕೆಲಸ. ಕೆಲವು ವರ್ಷಗಳ ಮೇಲೆ ಇನ್ವರ್ಟರ್ ಬಂದಿತು. ಅದರೊಡನೆ, ಇಬ್ಬರು ಆಳುಗಳು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿಸಿದ ಒಂದು ಕರಿಯ ಪೆಟ್ಟಿಗೆಯೂ ಬಂದಿತು. ಅದೇ ಬ್ಯಾಟರಿ. ತಿಂಗಳಿಗೊಮ್ಮೆ ಅದರ ಆರು ಬಾಯಿಗಳಿಗೂ ಭಟ್ಟಿಯಿಳಿಸಿದ ನೀರನ್ನು ತುಂಬುವ ಕೆಲಸ ನನ್ನ ಪಾಲಿಗೆ ಬಿದ್ದಿತು. “ಸಾಲಿಗ್ರಾಮಕ್ಕೆ ಅಭಿಷೇಕ ಆಯ್ತೇನ್ರೀ?” ಎಂದು ಮನೆಯಾಕೆ ಅಡಿಗೆಮನೆಯಿಂದಲೇ ಕೇಳುವಳು.

ಆ ಪೆಟ್ಟಿಗೆಯ ಹಿಂದೆ ಕಲ್ಕತ್ತೆಗೂ ನಮ್ಮ ಕನ್ನಡನಾಡಿಗೂ ಗಂಟುಬಿದ್ದ ದೊಡ್ಡ ಚರಿತ್ರೆಯೊಂದಿದೆ ಎಂಬುದು ನನಗೆ ಬಹುಕಾಲ ತಿಳಿದಿರಲಿಲ್ಲ. ರಾಜ್ಯೋತ್ಸವದ ಈ ಸಂಚಿಕೆಯಲ್ಲಿ ಕದಂಬರನ್ನೂ ಹೊಯ್ಸಳರನ್ನೂ ಬಿಟ್ಟು ಬ್ಯಾಟರಿಯ ಚರಿತ್ರೆಯನ್ನು ಹೇಳಹೊರಟಿರುವುದಕ್ಕೆ ವಾಚಕರು ಕ್ಷಮಿಸಬೇಕು.

ಮೊದಲು ಪೆಟ್ಟಿಗೆಯೊಳಗೆ ನಡೆಯುವುದೇನೆಂದು ನೋಡೋಣ. ಫ್ರಾನ್ಸಿನ ಪ್ಲಾಂಟೆ ಎಂಬಾತ ೧೮೫೯ರಲ್ಲಿ ಕಂಡುಹಿಡಿದ ಏರ್ಪಾಡೇ ಇಂದಿಗೂ ಅದರೊಳಗಿದೆ. ಒಂದು ಹಲಗೆ ಸೀಸದ್ದು, ಇನ್ನೊಂದು ಸೀಸದ ಡೈಆಕ್ಸೈಡಿನದು. ಎರಡೂ ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ವಿದ್ಯುತ್ತನ್ನು ನಾವು ಸೆಳೆದುಕೊಂಡಂತೆಲ್ಲ ಎರಡು ಹಲಗೆಗಳೂ ಸೀಸದ ಸಲ್ಫೇಟಾಗಿ ಮಾರ್ಪಡುತ್ತವೆ, ಆಮ್ಲ ತೆಳ್ಳಗಾಗುತ್ತದೆ. ಮತ್ತೆ ವಿದ್ಯುತ್ತನ್ನು ತುಂಬಿದರೆ ಎಲ್ಲವೂ ಮೊದಲಿನ ಸ್ಥಿತಿಗೆ ಬರುತ್ತದೆ. ಒಂದೊಂದು ಕೋಶಕ್ಕೆ ಸುಮಾರು ೨ ವೋಲ್ಟು. ಆರು ಕೋಶ ಸೇರಿ ೧೨. ತುಂಬುವಾಗ ನೀರು ಅಷ್ಟಿಷ್ಟು ಒಡೆದು ಅನಿಲವಾಗಿ ಹೋಗುವುದರಿಂದಲೇ ನನ್ನ ‘ಅಭಿಷೇಕ’ ಬೇಕಾಗುತ್ತಿದ್ದುದು.

ಈ ಸೀಸದ ಪೆಟ್ಟಿಗೆಗೆ ನಮ್ಮ ದೇಶದಲ್ಲಿ ತೌರುಮನೆ ಯಾವುದೆಂದರೆ ಕಲ್ಕತ್ತೆಯೆಂದೇ ಹೇಳಬೇಕು. ಇಂಗ್ಲೆಂಡಿನ ಕ್ಲೋರೈಡ್ ಕಂಪನಿ ೧೯೧೬ರಲ್ಲಿ ಬ್ಯಾಟರಿಗಳನ್ನು ಹಡಗಿನಲ್ಲಿ ತರಿಸಿ ಇಲ್ಲಿ ಮಾರಲಾರಂಭಿಸಿತು. ೧೯೪೬ರಲ್ಲಿ ಹೂಗ್ಲಿ ನದಿಯ ದಡದ ಶ್ಯಾಮನಗರದಲ್ಲಿ ಕಾರ್ಖಾನೆ ಎದ್ದಿತು. ಮರುವರ್ಷ ಅದೇ ಇಲ್ಲಿಯ ಕಂಪನಿಯಾಗಿ ನೋಂದಾಯಿತು. ಹೆಸರು ಹಲವು ಸಲ ಬದಲಾಗಿ ೧೯೯೫ರಿಂದ ‘ಎಕ್ಸೈಡ್ ಇಂಡಸ್ಟ್ರೀಸ್’ ಎಂದಾಗಿದೆ. ಚೌರಂಗಿಯಲ್ಲಿ ಬಸ್ಸಿನ ಕಂಡಕ್ಟರು ‘ಎಕ್ಸೈಡ್, ಎಕ್ಸೈಡ್’ ಎಂದು ಕೂಗುವುದನ್ನು ಕೇಳಿ ನಮ್ಮ ಮಕ್ಕಳು ಅದನ್ನೊಂದು ಬಡಾವಣೆಯ ಹೆಸರೆಂದೇ ತಿಳಿದಿದ್ದರು.

ಕಾರ್ಖಾನೆ ಇಲ್ಲಿ, ವಿದ್ಯೆಯ ಕಥೆ ಮಾತ್ರ ನಮ್ಮನ್ನು ಬೆಂಗಳೂರಿಗೆ ಕರೆದೊಯ್ಯುತ್ತದೆ. ಜಮಷೆಟ್‌ಜಿ ತಾತಾ ಅವರ ದಾನದಿಂದಲೂ ಮೈಸೂರು ಸಂಸ್ಥಾನ ಕೊಟ್ಟ ೩೭೧ ಎಕರೆ ಭೂಮಿಯಿಂದಲೂ ೧೯೦೯ರಲ್ಲಿ ಹುಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆಯನ್ನು ನಮ್ಮ ಹಳಬರು ಇಂದಿಗೂ ‘ತಾತಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುತ್ತಾರೆ. ೧೯೧೧ರಲ್ಲಿ ಪಾಠ ಪ್ರಾರಂಭವಾದಾಗ ಅಲ್ಲಿದ್ದವು ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರದ ವಿಭಾಗಗಳು. ಬ್ಯಾಟರಿಯೆಂಬುದು ಈ ಎರಡು ವಿದ್ಯೆಗಳ ಕೂಸೇ ಅಲ್ಲವೇ? ಕಲ್ಕತ್ತೆಯಿಂದ ಬೆಂಗಳೂರಿಗೆ ಹೋದ ಸಿ. ವಿ. ರಾಮನ್ ಅವರ ಹೆಸರು ಎಲ್ಲರಿಗೂ ಗೊತ್ತು. ಬೆಂಗಳೂರಿಗೆ ಹೋದ ಇನ್ನೊಬ್ಬರನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅವರೇ ಜ್ಞಾನಚಂದ್ರ ಘೋಷರು. ಲವಣವನ್ನು ನೀರಿನಲ್ಲಿ ಕರಗಿಸಿದಾಗ ಅದರ ಅಯಾನುಗಳು ಹೇಗೆ ವರ್ತಿಸುತ್ತವೆ, ವಿದ್ಯುತ್ತನ್ನು ಹೇಗೆ ಒಯ್ಯುತ್ತವೆ ಎಂಬುದನ್ನು ಕುರಿತು ೧೯೧೮ರಲ್ಲಿ, ಇನ್ನೂ ಇಪ್ಪತ್ತನಾಲ್ಕರ ಯುವಕರಾಗಿದ್ದಾಗಲೇ, ಅವರೊಂದು ಸಿದ್ಧಾಂತವನ್ನು ಮಂಡಿಸಿದರು. ೧೯೨೩ರಲ್ಲಿ ಡಿಬೈ ಮತ್ತು ಹ್ಯೂಕೆಲ್ ಎಂಬ ಯೂರೋಪಿನ ವಿದ್ವಾಂಸರು ಹೆಚ್ಚು ಸಮರ್ಪಕವಾದ ಸಿದ್ಧಾಂತವನ್ನು ತಂದಮೇಲೆ ಘೋಷರದು ಹಿಂದೆ ಸರಿಯಿತು. ಹಾಗೆಂದು ಅವರ ಧೈರ್ಯವೇನೂ ಚಿಕ್ಕದಲ್ಲ. ೧೯೩೯ರಿಂದ ೧೯೪೮ರವರೆಗೆ ಅವರೇ ಬೆಂಗಳೂರಿನ ಸಂಸ್ಥೆಯ ನಿರ್ದೇಶಕರು. ಅನಂತರ ಖರಗ್‌ಪುರದ ಐ.ಐ.ಟಿ.ಯ ಮೊದಲ ನಿರ್ದೇಶಕರು.

ಇದೇ ಕಾಲಕ್ಕೆ ತಮಿಳುನಾಡಿನ ಕಾರೈಕುಡಿಯಲ್ಲಿ ಅಳಗಪ್ಪ ಚೆಟ್ಟಿಯಾರರು ೩೦೦ ಎಕರೆ ಭೂಮಿಯನ್ನೂ ೧೫ ಲಕ್ಷ ರೂಪಾಯಿಗಳನ್ನೂ ಕೊಟ್ಟು ಕೇಂದ್ರೀಯ ವಿದ್ಯುದ್ರಸಾಯನ ಸಂಶೋಧನಾಲಯಕ್ಕೆ ಕಾರಣರಾದರು. ನೆಹರೂ ಅವರು ೧೯೪೮ರಲ್ಲಿ ಶಂಕುಸ್ಥಾಪನೆ ಮಾಡಿದರು. ೧೯೫೩ರ ಸಂಕ್ರಾಂತಿಯ ದಿನ ರಾಧಾಕೃಷ್ಣನ್ ಅವರು ಬಾಗಿಲು ತೆರೆದರು. ಅದರ ನಿರ್ದೇಶಕರ ಪಟ್ಟಿಯನ್ನು ಓದುತ್ತಿದ್ದರೆ ಕನ್ನಡಿಗರ ಕಿವಿ ನಿಮಿರುತ್ತದೆ. ಕೆ. ಎಸ್. ಗುರುರಾಜ ದಾಸ್, ಎಚ್. ವಿ. ಕೆ. ಉಡುಪ! ದಾಸ್ ಅವರು ಅಗರ್‌ವಾಲ್ ಎಂಬವರೊಡನೆ ೧೯೫೦ರ ಸುಮಾರಿಗೆ ಒಂದು ವಿಚಿತ್ರವನ್ನು ಗುರುತಿಸಿದ್ದರು. ಎಲೆಕ್ಟ್ರೋಡಿನ ಮೂಲಕ ಅತ್ತಿತ್ತ ಓಲಾಡುವ ವಿದ್ಯುತ್ತನ್ನು ಹಾಯಿಸಿದರೆ ಅದರ ಸ್ಥಿರ ವಿಭವವೂ ಸ್ವಲ್ಪ ಸರಿಯುತ್ತದೆಂಬುದೇ ಅದು. ‘ರೆಡಾಕ್ಸೊಕೈನೆಟಿಕ್ ಪರಿಣಾಮ’ವೆಂದು ಅದಕ್ಕೆ ಹೆಸರಾಯಿತು. ಉಡುಪರ ವಿಷಯಕ್ಕೆ ಬಂದರೆ, ಹೆಸರೇ ಊರಿನ ದಿಕ್ಕನ್ನು ತೋರಿಸುತ್ತದೆ.

೧೯೭೬ನೆಯ ಇಸವಿಯನ್ನು ಇಲ್ಲಿ ಗುರುತು ಹಾಕಿಕೊಳ್ಳಬೇಕು. ಆ ವರ್ಷ ಬ್ಯಾಟರಿ ಕಂಪನಿ ಕಲ್ಕತ್ತೆಯಲ್ಲಿ ತನ್ನದೇ ಸಂಶೋಧನಾ ಕೇಂದ್ರವನ್ನು ತೆರೆಯಿತು. ಅದೇ ವರ್ಷ ಬೆಂಗಳೂರಿನವರೇ ಆದ ಸಿ. ಎನ್. ಆರ್. ರಾವ್ ಅವರು ಕಾನ್ಪುರವನ್ನು ಬಿಟ್ಟು ಬಂದು ವಿಜ್ಞಾನ ಸಂಸ್ಥೆಯಲ್ಲಿ ಘನಸ್ಥಿತಿ ರಸಾಯನದ ವಿಭಾಗವನ್ನು ಕಟ್ಟಿದರು. ಕಲ್ಕತ್ತೆಯವರು ಸೀಸವನ್ನು ತಿದ್ದುತ್ತಿದ್ದರು. ಬೆಂಗಳೂರಿನವರು, ಘನವಸ್ತುವಿನ ಹರಳಿನೊಳಗೆ ಅಯಾನುಗಳು ಓಡಾಡಲು ದಾರಿ ಯಾವುದೆಂದು ಹುಡುಕುತ್ತಿದ್ದರು. ಎರಡನೆಯದು ಆಗ ಯಾರಿಗೂ ಹೊಟ್ಟೆ ತುಂಬಿಸುವ ಕೆಲಸವಾಗಿ ಕಂಡಿರಲಾರದು. ಆದರೆ ೧೯೮೦ರಲ್ಲಿ ಆಕ್ಸ್‌ಫರ್ಡಿನಲ್ಲಿ ಗುಡೆನಫ್ ಅವರು ಲಿಥಿಯಂ ಅಯಾನು ಕೋಬಾಲ್ಟ್ ಆಕ್ಸೈಡಿನ ಪದರಗಳ ನಡುವೆ ಹೋಗಿಬರುವಂತೆ ಮಾಡಿದರು. ೧೯೯೧ರಲ್ಲಿ ಜಪಾನಿನ ಸೋನಿ ಕಂಪನಿ ಲಿಥಿಯಂ ಬ್ಯಾಟರಿಯನ್ನು ಪೇಟೆಗೆ ತಂದಿತು. ಅದೇ ತೂಕದ ಸೀಸದ ಪೆಟ್ಟಿಗೆಗಿಂತ ಹಲವು ಪಟ್ಟು ಶಕ್ತಿ ಅದರಲ್ಲಿ ಹಿಡಿಯುತ್ತದೆ.

ಗುಡೆನಫ್ ಮುಂದೆ ಅಮೆರಿಕದ ಟೆಕ್ಸಾಸಿಗೆ ಹೋದರು. ಅಲ್ಲಿಂದ ೧೯೯೭ರಲ್ಲಿ ಹೊರಬಂದ ಒಂದು ಲೇಖನ ಲಿಥಿಯಂ ಕಬ್ಬಿಣ ಫಾಸ್ಫೇಟನ್ನು ಲೋಕಕ್ಕೆ ಪರಿಚಯ ಮಾಡಿಕೊಟ್ಟಿತು. ದುಬಾರಿಯ ಕೋಬಾಲ್ಟಿಲ್ಲ, ಬೆಂಕಿಯ ಭಯ ಕಡಿಮೆ. ಇಂದು ವಿದ್ಯುತ್ ಬಸ್ಸುಗಳಲ್ಲಿಯೂ ಕಾರುಗಳಲ್ಲಿಯೂ ಈ ಬಗೆಯದೇ ಬಹಳ. ಲೇಖನದ ಮೇಲೆ ಮೂರು ಹೆಸರುಗಳಿವೆ: ಪಾಧಿ, ನಂಜುಂಡಸ್ವಾಮಿ, ಗುಡೆನಫ್. ಗುಡೆನಫ್ ಅವರಿಗೆ ೨೦೧೯ರಲ್ಲಿ, ತೊಂಬತ್ತೇಳರ ವಯಸ್ಸಿನಲ್ಲಿ, ನೊಬೆಲ್ ಪಾರಿತೋಷಕ ಬಂದಿತು. ಆದರೆ ನಡುವಿನ ಹೆಸರನ್ನು ಓದಿದ ಕನ್ನಡಿಗನಿಗೆ ನಂಜನಗೂಡಿನ ಗೋಪುರ ಕಣ್ಣಮುಂದೆ ಬಾರದೆ ಇದ್ದೀತೆ? ಈ ವಿದ್ಯೆಯನ್ನು ದೊಡ್ಡ ಉದ್ಯಮವನ್ನಾಗಿ ಮಾಡಿದವರು ಮಾತ್ರ ಚೀನೀಯರು. ಕಲ್ಕತ್ತೆಯ ಎಕ್ಸೈಡ್ ಕಂಪನಿ ೨೦೨೨ರಲ್ಲಿ ಬೆಂಗಳೂರಿನ ಬಳಿಯ ದೇವನಹಳ್ಳಿಯಲ್ಲಿ ಎಂಬತ್ತು ಎಕರೆಯಲ್ಲಿ ಲಿಥಿಯಂ ಕೋಶದ ಕಾರ್ಖಾನೆಯನ್ನು ಕಟ್ಟತೊಡಗಿದಾಗ, ತಾಂತ್ರಿಕ ನೆರವಿಗೆ ಚೀನದ ಕಂಪನಿಯೊಡನೆಯೇ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಸೀಸದ ಊರಿನವರು ಲಿಥಿಯಂ ಕೆಲಸಕ್ಕೆ ನಮ್ಮ ಊರಿಗೆ ಹೋದರೆಂದು ಸಂತೋಷಪಡುವಷ್ಟರಲ್ಲಿಯೇ ಈ ಸಂಗತಿ ಮುಳ್ಳಿನಂತೆ ಚುಚ್ಚುತ್ತದೆ.

ಲಿಥಿಯಮ್ಮಾದರೂ ನಮ್ಮಲ್ಲಿ ಇದೆಯೇ? ೨೦೨೦ರಲ್ಲಿ ಮಂಡ್ಯ ಜಿಲ್ಲೆಯ ಮಾರ್ಲಗಲ್ಲದ ಸುತ್ತ ೧೪,೧೦೦ ಟನ್ ಲಿಥಿಯಂ ಇರಬಹುದೆಂಬ ಅಂದಾಜು, ವಿಜ್ಞಾನ ಸಂಸ್ಥೆಯ ನಿವೃತ್ತ ಪ್ರಾಧ್ಯಾಪಕರೂ ಬ್ಯಾಟರಿ ತಜ್ಞರೂ ಆದ ಎನ್. ಮುನಿಚಂದ್ರಯ್ಯ ಅವರ ಮೂಲಕ ಪತ್ರಿಕೆಗಳಲ್ಲಿ ಬಂದಿತು. ಕಬ್ಬು ಬೆಳೆಯುವ ಸೀಮೆಯಲ್ಲಿ ‘ಬಿಳಿ ಚಿನ್ನ’! ನಮ್ಮ ಸಂಘದಲ್ಲಿಯೂ ಆ ವಾರವೆಲ್ಲ ಅದೇ ಮಾತು. ಮುಂದಿನ ವರ್ಷ ಪಾರ್ಲಿಮೆಂಟಿಗೆ ಸರಕಾರ ಕೊಟ್ಟ ಉತ್ತರದಲ್ಲಿದ್ದ ಅಂಕಿ ೧,೬೦೦ ಟನ್. ಒಂದು ಕಾರಿನ ಬ್ಯಾಟರಿಗೆ ಎಂಟು ಕಿಲೋ ಎಂದು ಹಿಡಿದರೆ, ಅಷ್ಟನ್ನೂ ಸೋರದಂತೆ ತೆಗೆದರೂ ಎರಡು ಲಕ್ಷ ಕಾರುಗಳಿಗೆ ಮುಗಿಯಿತು. ಚಿಲಿ ದೇಶದ ನಿಕ್ಷೇಪವನ್ನು ಲಕ್ಷಗಟ್ಟಲೆ ಟನ್ನುಗಳಲ್ಲಿ ಎಣಿಸುತ್ತಾರೆ.

ಆದುದರಿಂದಲೇ ಈಗ ಉಪ್ಪಿನ ಸರದಿ. ಅಡಿಗೆಯ ಉಪ್ಪಿನಲ್ಲಿರುವ ಸೋಡಿಯಂ ಲಿಥಿಯಮ್ಮಿಗೆ ರಸಾಯನದಲ್ಲಿ ದಾಯಾದಿ. ಸ್ವಲ್ಪ ದಪ್ಪ, ಸ್ವಲ್ಪ ಭಾರ, ಆದರೆ ಸಮುದ್ರವಿರುವಲ್ಲೆಲ್ಲ ಇದೆ. ದಪ್ಪನೆಯ ಅಯಾನಿಗೆ ಅಗಲವಾದ ದಾರಿ ಬೇಕು. ಅಂಥ ದಾರಿಯುಳ್ಳ ‘ನಾಸಿಕಾನ್’ ಎಂಬ ಹರಳಿನ ಬಗೆ ೧೯೭೬ರಲ್ಲಿ ಅಮೆರಿಕದಿಂದ ಬಂದುದು. ಅದರ ಹಿಂದೆಯೂ ಗುಡೆನಫ್ ಅವರೇ. ವಿಜ್ಞಾನ ಸಂಸ್ಥೆಯ ಜೆ. ಗೋಪಾಲಕೃಷ್ಣನ್ ಅವರು ೧೯೯೨ರಲ್ಲಿ, ಸೋಡಿಯಂ ವನೇಡಿಯಂ ಫಾಸ್ಫೇಟೆಂಬ ಈ ಜಾತಿಯ ಹರಳಿನಿಂದ ಸೋಡಿಯಮ್ಮನ್ನು ಹೊರತೆಗೆದರೂ ಚೌಕಟ್ಟು ಕುಸಿಯದೆ ನಿಲ್ಲುತ್ತದೆಂದು ತಮ್ಮ ಸಹೋದ್ಯೋಗಿಯೊಡನೆ ತೋರಿಸಿದರು. ಬಾಡಿಗೆದಾರರು ಬಿಟ್ಟುಹೋದರೂ ಮನೆ ನಿಂತಿರುವಂತೆ! ಇಂದು ಸೋಡಿಯಂ ಬ್ಯಾಟರಿಯ ಕೆಲಸ ಮಾಡುವವರು ಜಗತ್ತಿನಲ್ಲೆಲ್ಲ ಈ ವಸ್ತುವನ್ನು ಬಲ್ಲರು.

ಮೂವತ್ತಮೂರು ವರ್ಷಗಳ ಮೇಲೆ ಈ ಎಳೆ ಜಕ್ಕೂರಿನಲ್ಲಿ ಮತ್ತೆ ಕಾಣಿಸಿಕೊಂಡಿತು. ಅಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ಸಂಶೋಧನಾ ಕೇಂದ್ರವನ್ನು ೧೯೮೯ರಲ್ಲಿ ಕಟ್ಟಿದವರೂ ರಾವ್ ಅವರೇ. ಅದಕ್ಕೂ ವಿಶ್ವವಿದ್ಯಾಲಯದ ಸ್ಥಾನವಿದೆ. ೨೦೨೫ರ ಮೇ ತಿಂಗಳಲ್ಲಿ ಅಲ್ಲಿಯ ಪ್ರಾಧ್ಯಾಪಕ ಪ್ರೇಮಕುಮಾರ್ ಸೆಂಗುಟ್ಟುವನ್ ಮತ್ತು ಅವರ ಶಿಷ್ಯ ಬಿಪ್ಲಬ್ ಪಾತ್ರ ಅವರ ಕೆಲಸದ ಸುದ್ದಿ ಬಂದಿತು. ಶಿಷ್ಯನ ಹೆಸರು ನಮ್ಮ ಈ ಊರಿನ ಕಿವಿಗೆ ಹೊಸದಲ್ಲ. ನಾಸಿಕಾನ್ ಜಾತಿಯ ಹೊಸ ವಸ್ತುವಿನಿಂದ ಮಾಡಿದ ಅವರ ಸೋಡಿಯಂ ಬ್ಯಾಟರಿ ಆರು ನಿಮಿಷದಲ್ಲಿ ನೂರಕ್ಕೆ ಎಂಬತ್ತರಷ್ಟು ತುಂಬುತ್ತದೆ, ಮೂರು ಸಾವಿರಕ್ಕೂ ಹೆಚ್ಚು ಬಾರಿ ತುಂಬಿ ಬರಿದು ಮಾಡಿದರೂ ತಾಳುತ್ತದೆ ಎಂಬುದೇ ಆ ಸುದ್ದಿ. ಕಣಗಳನ್ನು ಅತಿ ಸಣ್ಣಗೆ ಮಾಡಿ, ಅವಕ್ಕೆ ಇಂಗಾಲದ ತೆಳು ಹೊದಿಕೆ ಹೊದಿಸಿ, ಸ್ವಲ್ಪ ಅಲ್ಯೂಮಿನಿಯಂ ಸೇರಿಸಿದುದರ ಫಲವಿದು. ಓದಿದಾಗ ನನಗೂ ಸಂತೋಷವಾಯಿತು. ಆದರೆ ಒಂದು ಮಾತು: ಆ ವಸ್ತುವಿನಲ್ಲಿ ನಯೋಬಿಯಂ, ವನೇಡಿಯಂ ಎಂಬ ಲೋಹಗಳೂ ಇವೆ, ಅವು ಉಪ್ಪಿನಂತೆ ಸೇರಿನ ಲೆಕ್ಕದಲ್ಲಿ ಸಿಕ್ಕುವುವಲ್ಲ. ಪ್ರಯೋಗಶಾಲೆಯ ಪುಟ್ಟ ಕೋಶಕ್ಕೂ ಅಂಗಡಿಯ ಪೆಟ್ಟಿಗೆಗೂ ನಡುವೆ ಬಹಳ ದೂರವಿದೆ. ಮಂಡ್ಯದ ವಿಷಯದಲ್ಲಿ ಒಮ್ಮೆ ಅವಸರಪಟ್ಟದ್ದು ಸಾಕು.

ಅಷ್ಟು ಕಾಲವೂ ಸೀಸವೇ ನಮ್ಮ ಪಾಲಿಗೆ. ನಮ್ಮ ಬೀದಿಯ ತುದಿಯಲ್ಲಿ ನಿಲ್ಲುವ ಟೊಟೊಗಳ ಸೀಟಿನ ಕೆಳಗೆ ಇಣುಕಿ ನೋಡಿ: ಬಹುಪಾಲು ಅದೇ ಕರಿಯ ಪೆಟ್ಟಿಗೆಗಳು, ನಾಲ್ಕೈದರ ಸಾಲಿನಲ್ಲಿ. ಅವು ಸತ್ತಮೇಲೆ ಎಲ್ಲಿಗೆ ಹೋಗುತ್ತವೆ? ಸರಿಯಾದ ಕಾರ್ಖಾನೆಗೆ ಹೋದರೆ ಸೀಸ ಬಹುಮಟ್ಟಿಗೆ ಹೊಸ ಬ್ಯಾಟರಿಯಾಗಿ ಮರಳುತ್ತದೆ. ಇದು ಸೀಸದ ದೊಡ್ಡ ಗುಣ. ಯಾವುದೋ ಹಿತ್ತಲಿನ ಒಲೆಯಲ್ಲಿ ಕರಗಿಸಿದರೆ ಅದರ ಹೊಗೆ, ಧೂಳು ಸುತ್ತಲಿನ ಮಕ್ಕಳ ರಕ್ತಕ್ಕೆ ಸೇರುತ್ತದೆ; ಬೆಳೆಯುವ ಮೆದುಳಿಗೆ ಅದರಷ್ಟು ಕೇಡು ಮಾಡುವ ವಸ್ತುಗಳು ಕಡಿಮೆ. ಹಳೆಯ ಬ್ಯಾಟರಿಯನ್ನು ಮಾರಿದವರೇ ಹಿಂದಕ್ಕೆ ಪಡೆಯಬೇಕೆಂದು ೨೦೦೧ರಲ್ಲಿಯೇ ಕಾನೂನಾಯಿತು. ೨೦೨೨ರಲ್ಲಿ ಅದರ ಸ್ಥಾನದಲ್ಲಿ ತಯಾರಕರ ಹೊಣೆಯನ್ನು ಬಿಗಿಮಾಡಿದ ಹೊಸ ನಿಯಮ ಬಂದಿತು. ಇದನ್ನೆಲ್ಲ ಬರೆಯುವ ನಾನೇ ನಮ್ಮ ಮೊದಲ ಎರಡು ಬ್ಯಾಟರಿಗಳನ್ನು ಬೀದಿಯಲ್ಲಿ ಕೂಗಿಕೊಂಡು ಬಂದ ಗುಜರಿಯವನಿಗೆ, ಅಂಗಡಿಯವನಿಗಿಂತ ನೂರು ರೂಪಾಯಿ ಹೆಚ್ಚು ಕೊಟ್ಟನೆಂದು, ಮಾರಿದ್ದೆ. ಅವು ಯಾವ ಒಲೆಗೆ ಹೋದವೋ, ಯಾವ ಮಗುವಿನ ಮನೆಯ ಪಕ್ಕದ ಒಲೆಗೆ ಹೋದವೋ!

ಈಗಿರುವುದಕ್ಕೆ ಬರುವ ವೈಶಾಖಕ್ಕೆ ಐದು ವರ್ಷ ತುಂಬುತ್ತದೆ. ದೀಪ ಹೋಗುವುದು ಈಗ ಅಪರೂಪ; ಆದರೂ ಮನೆಯಾಕೆ ಅದನ್ನು ಬಿಡಲು ಒಪ್ಪುವುದಿಲ್ಲ. ಹಳೆಯದನ್ನು ಅಂಗಡಿಗೇ ಹಿಂದಿರುಗಿಸಿ ರಸೀತಿ ಕೇಳಿ ಪಡೆಯಬೇಕೆಂದು ಈ ಸಲ ಮೊದಲೇ ತೀರ್ಮಾನವಾಗಿದೆ.