ಹುಬ್ಬಳ್ಳಿ ನಗರದ ಬೆಳವಣಿಗೆ: ವ್ಯಾಪಾರ, ರೈಲುಮಾರ್ಗ ಮತ್ತು ಪೇಟೆಗಳ ವಿನ್ಯಾಸ

ಹುಬ್ಬಳ್ಳಿ ಯಾವ ದೊಡ್ಡ ಅರಸುಮನೆತನದ ರಾಜಧಾನಿಯೂ ಆಗಿರಲಿಲ್ಲ. ಅದನ್ನು ಬೆಳೆಸಿದ್ದು ಅದರ ನೆಲೆ. ಪೂರ್ವಕ್ಕೆ ಹತ್ತಿ ಬೆಳೆಯುವ ಎರೆಭೂಮಿ, ಪಶ್ಚಿಮಕ್ಕೆ ಮಲೆನಾಡಿನ ಅಂಚು, ಘಟ್ಟದ ಕೆಳಗೆ ಕಾರವಾರ ಮತ್ತು ಕುಮಟಾ ಬಂದರುಗಳು. ಬಯಲುಸೀಮೆಯ ಮಾಲು ಕರಾವಳಿಗೆ ಇಳಿಯುವ ದಾರಿಯಲ್ಲಿ ಈ ಊರು ಸಹಜವಾಗಿಯೇ ಪೇಟೆಯಾಯಿತು.

ಹಳೇ ಹುಬ್ಬಳ್ಳಿಯ ಭವಾನಿಶಂಕರ ದೇವಾಲಯ ಹಾಗೂ ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯ ಚಾಲುಕ್ಯರ ಕಾಲದಿಂದಲೂ ಇಲ್ಲಿ ಜನವಸತಿ ಇದ್ದುದನ್ನು ತೋರಿಸುತ್ತವೆ. ವಿಜಯನಗರದ ಆಳ್ವಿಕೆಯಲ್ಲಿ ಹತ್ತಿ, ಕಬ್ಬಿಣ ಮತ್ತು ಪೆಟ್ಲುಪ್ಪಿನ ವಹಿವಾಟಿನಿಂದ ಊರು ಹೆಸರಾಯಿತು. 17ನೆಯ ಶತಮಾನದಲ್ಲಿ ಇಂಗ್ಲಿಷ್ ವರ್ತಕರು ಕಾರವಾರದಿಂದ ಬಂದು ಇಲ್ಲಿ ಬಟ್ಟೆ ಖರೀದಿಸುತ್ತಿದ್ದರು. 1673ರಲ್ಲಿ ಶಿವಾಜಿಯ ಸೇನೆ ಊರನ್ನು ಲೂಟಿ ಮಾಡಿದಾಗ ಅವರ ಕೋಠಿಗೂ ಹಾನಿಯಾಯಿತು. ಪೇಟೆಯ ಸಂಪತ್ತೇ ದಾಳಿಯನ್ನು ಕರೆತಂದಿತ್ತು.

18ನೆಯ ಶತಮಾನದ ಪೂರ್ವಾರ್ಧದಲ್ಲಿ, ಸವಣೂರು ನವಾಬರ ಕಾಲದಲ್ಲಿ, ಬಸಪ್ಪಶೆಟ್ಟಿ ಎಂಬ ವರ್ತಕ ದುರ್ಗದಬೈಲಿನ ಸುತ್ತ ಹೊಸ ಹುಬ್ಬಳ್ಳಿಯನ್ನು ಕಟ್ಟಿಸಿದ. ಅಲ್ಲಿಂದ ಮುಂದೆ ಊರು ಎರಡು ಭಾಗಗಳಾಗಿ ಬೆಳೆಯಿತು. ರಾಜಕೀಯವಾಗಿಯೂ ಅವು ಬೇರೆಯಾಗಿದ್ದವು: ಹಳೇ ಹುಬ್ಬಳ್ಳಿ 1817ರಲ್ಲಿ ಬ್ರಿಟಿಷರ ವಶವಾದರೆ, ಸಾಂಗಲಿಯ ಪಟವರ್ಧನರ ಅಧೀನದಲ್ಲಿದ್ದ ಹೊಸ ಹುಬ್ಬಳ್ಳಿ 1820ರಲ್ಲಿ ಬ್ರಿಟಿಷರ ಕೈಸೇರಿತು. ಹಳೆಯ ಭಾಗದಲ್ಲಿ ಮುಂದೆ ಸಿದ್ಧಾರೂಢರ ಮಠ ನೆಲೆಗೊಂಡಿತು. ಸಗಟು ವ್ಯಾಪಾರ ಹೊಸ ಭಾಗದಲ್ಲಿ ನೆಲೆಯೂರಿತು.

ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ (1861–65) ಬ್ರಿಟನ್ನಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ಕುಂಠಿತವಾಯಿತು. ಧಾರವಾಡ ಸೀಮೆಯ ಹತ್ತಿಗೆ ಬೆಲೆ ಏರಿತು. ಆದರೆ ಚಕ್ಕಡಿಗಳನ್ನೇ ನಂಬಿದ್ದ ಸಾಗಾಟ ಈ ಬೇಡಿಕೆಗೆ ಸಾಲದಾಯಿತು. 1880ರ ದಶಕದಲ್ಲಿ ಬಂದ ಸದರ್ನ್ ಮರಾಠಾ ರೈಲ್ವೆ ಆ ಕೊರತೆಯನ್ನು ನೀಗಿತು; ಗದಗ, ಹರಿಹರ ಮತ್ತು ಗೋವೆಯ ಮರ್ಮಗೋವಾ ಕಡೆಯ ಮಾರ್ಗಗಳು ಹುಬ್ಬಳ್ಳಿಯಲ್ಲಿ ಕೂಡಿದವು. ಅದೇ ದಶಕದಲ್ಲಿ ಆರಂಭವಾದ ರೈಲ್ವೆ ಕಾರ್ಯಾಗಾರ ಸಂಬಳದ ಮೇಲೆ ಬದುಕುವ ಕಾರ್ಮಿಕ ವರ್ಗವನ್ನು ಸೃಷ್ಟಿಸಿತು. ಹತ್ತಿ ಹಿಂಜುವ ಹಾಗೂ ನೂಲುವ ಗಿರಣಿಗಳು ಬೆಳೆದು, ವರ್ತಕರ ಪೇಟೆ ಕೈಗಾರಿಕಾ ಪಟ್ಟಣವಾಯಿತು.

ಸ್ವಾತಂತ್ರ್ಯಾನಂತರ ವಿದ್ಯಾಸಂಸ್ಥೆಗಳು ಈ ನೆಲೆಯನ್ನು ವಿಸ್ತರಿಸಿದವು. 1947ರಲ್ಲಿ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು, 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಆರಂಭವಾದವು. ಆಡಳಿತ ಮತ್ತು ಶಿಕ್ಷಣದ ಕೇಂದ್ರವಾಗಿದ್ದ ಧಾರವಾಡ ಇಲ್ಲಿಂದ ಸುಮಾರು 20 ಕಿ.ಮೀ. ದೂರದಲ್ಲಿದ್ದು, 1962ರಲ್ಲಿ ಎರಡೂ ಊರುಗಳು ಒಂದೇ ಮಹಾನಗರಪಾಲಿಕೆಗೆ ಒಳಪಟ್ಟವು. 2011ರ ಜನಗಣತಿಯಲ್ಲಿ ಅವಳಿ ನಗರದ ಜನಸಂಖ್ಯೆ 9.4 ಲಕ್ಷ ಮೀರಿತ್ತು.

ಗಿರಣಿಗಳ ಕಾಲ ಹಿಂದೆ ಸರಿದರೂ ಸಾರಿಗೆಯ ಮಹತ್ವ ಕುಗ್ಗಲಿಲ್ಲ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇಲ್ಲಿಯೇ ಸ್ಥಾಪನೆಯಾಯಿತು. ಅಮರಗೋಳದ ಕೃಷಿ ಮಾರುಕಟ್ಟೆ, ಗೋಕುಲ ರಸ್ತೆ ಮತ್ತು ತಾರಿಹಾಳದ ಕೈಗಾರಿಕಾ ಪ್ರದೇಶಗಳು ಸುತ್ತಲಿನ ಜಿಲ್ಲೆಗಳ ರೈತರನ್ನೂ ದುಡಿಯುವವರನ್ನೂ ಸೆಳೆಯುತ್ತಿವೆ. ಆಳುವವರು ಬದಲಾದರೂ ಒಳನಾಡಿಗೂ ಕರಾವಳಿಗೂ ಕೊಂಡಿಯಾಗಿರುವ ಕೆಲಸವೇ ಹುಬ್ಬಳ್ಳಿಯ ನಗರತ್ವಕ್ಕೆ ಆಧಾರವಾಗಿ ಉಳಿದಿದೆ.